ಮೂರು ಸುತ್ತು ಕೆಮ್ಮಣ್ಣು

ನಿಮಗೆ ನನ್ನ ನೆನಪಿನ ಮೇಲೆ ಅನುಮಾನ. ಹೋದ ವಾರ ನಾನು ಮೊಬೈಲಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿ, ಮುದುಕನಿಗೆ ಇಸವಿಗಳೆಲ್ಲ ಕಲಸಿಹೋಗಿವೆ, ಯಾರದೋ ತಲೆ ತಂದು ಯಾರದೋ ಮುಂಡಕ್ಕೆ ಅಂಟಿಸುತ್ತಾನೆ ಅಂತ ನಿಮ್ಮಲ್ಲೇ ಒಬ್ಬರು ಅಂದರಂತೆ. ಅಂದವರು ಯಾರು ಅಂತ ಗೊತ್ತು. ಅವರ ಅಪ್ಪನ ಮದುವೆಯಲ್ಲಿ ಅನ್ನ ಸೀದುಹೋಗಿದ್ದೂ ನೆನಪಿದೆ. ಬೆಳಿಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ಮರೆತುಹೋಗುತ್ತದೆ, ಒಪ್ಪಿಕೊಂಡೆ. ಆದರೆ ತಮಿಳು ಸೀಮೆಗೆ ಸೇರಿಹೋದ ನಮ್ಮ ಆಲಸನತ್ತದ ಬಚ್ಚಪ್ಪನ ಮನೆಯ ಹಾಲ್‌ಗೆ ಎಂಬತ್ತೆರಡನೇ ಇಸವಿಯಲ್ಲಿ ಯಾವ ಬಿಳಿ ಬಳಿದಿದ್ದರು ಅಂತ ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಇದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಉಳಿದರ್ಧ ಬಚ್ಚಪ್ಪನೇ, ರಿಟೈರ್ ಆದ ಮೇಲೆ, ಜೂಜುವಾಡಿಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಲಾರಿಗಳ ಗದ್ದಲದಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದ್ದು. ಮೂರು ಸಲ ಹೇಳಿದ, ಮೂರು ಸಲವೂ ಒಂದೇ ಥರ. ಸುಳ್ಳು ಹೇಳುವವನು ಪ್ರತಿ ಸಲ ಕತೆಯನ್ನು ಸ್ವಲ್ಪ ಚೆಂದ ಮಾಡುತ್ತಾನೆ. ಇವನು ಮಾಡಲಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿ.

ಆವತ್ತು ಭಾನುವಾರ. ಕಿಟಕಿಗಳಿಗೆ ಇನ್ನೂ ಗಾಜು ಕೂರದ ಹೊಸ ಮನೆಯ ಹಾಲ್‌ನಲ್ಲಿ ಬಚ್ಚಪ್ಪ ಬಣ್ಣದ ಕಾರ್ಡು ಹಿಡಿದು ನಿಂತಿದ್ದ. ಬೆಂಗಳೂರಿನ ಅಂಗಡಿಯಿಂದ ತಂದ ಕಾರ್ಡು ಅದು, ಇಸ್ಪೀಟಿನ ಎಲೆಗಳ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಬಿಳಿ ಅಂದರೆ ಒಂದೇ ಬಿಳಿ ಅಂತ ಮೂವತ್ತೈದು ವರ್ಷ ನಂಬಿಕೊಂಡು ಬದುಕಿದವನಿಗೆ ಅದರಲ್ಲಿ ಹದಿನಾಲ್ಕು ಬಿಳಿ ಇದ್ದವು. ಐವರಿಯಂತೆ, ಕ್ರೀಮಂತೆ, ಆಫ್ ವೈಟಂತೆ. ಏಳನ್ನು ಆರಿಸಿ, ಸಣ್ಣ ಸಣ್ಣ ಡಬ್ಬಿ ತರಿಸಿ, ಎದುರು ಗೋಡೆಯ ಮೇಲೆ ಮೊಳದಗಲದ ಏಳು ಪಟ್ಟಿ ಬಳಿಸಿದ್ದ. ಬೆಳಿಗ್ಗೆ ಬಂದು ನೋಡುವನು, ಮಧ್ಯಾಹ್ನ ನೋಡುವನು, ಬಿಸಿಲು ಇಳಿಯುವಾಗ ಮತ್ತೆ ಬರುವನು. ಒಂದು ಹುಳಿ ಬಂದ ಮೊಸರಿನ ಹಾಗೆ ಕಂಡಿತು. ಒಂದು ಕೃಷ್ಣಗಿರಿಯ ಆಸ್ಪತ್ರೆಯ ಹಾಗೆ. ಇನ್ನೊಂದು ಬೆಳಿಗ್ಗೆ ಚೆನ್ನಾಗಿತ್ತು, ಸಂಜೆ ನೋಡಿದರೆ ಹೆಣದ ಹಲ್ಲು. ಅವನಿಗೆ ಬೇಕಾದ ಬಿಳಿ ಯಾವುದು ಅಂತ ಅವನಿಗೆ ಖಚಿತವಾಗಿ ಗೊತ್ತಿತ್ತು. ಆ ಬಿಳಿಯಲ್ಲಿ ಬಿಸಿ ಇತ್ತು. ಆಗಷ್ಟೇ ಕರೆದ ಹಾಲಿನಲ್ಲಿ ಇರುತ್ತದಲ್ಲ, ಅಂಥ ಬಿಸಿ. ಅದನ್ನು ಅವನು ಒಂದೇ ಒಂದು ಸಲ, ಒಂದೇ ಒಂದು ಮನೆಯಲ್ಲಿ ನೋಡಿದ್ದ.

ಅವನು ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದ ಫ್ಯಾಕ್ಟರಿಯ ಮ್ಯಾನೇಜರ್ ಕ್ವಾರ್ಟರ್ಸಿನಲ್ಲಿ. ಜ್ವರ ಬಂದು ಮನೆಯಲ್ಲಿ ಮಲಗಿದ್ದ ಮ್ಯಾನೇಜರ್ ಸಹಿಗಾಗಿ ಸ್ಟೋರ್ಸಿನಿಂದ ಫೈಲು ಹಿಡಿದುಕೊಂಡು ಹೋಗಿದ್ದ ದಿನ. ಕೂತುಕೋ ಅಂತ ಯಾರೂ ಅನ್ನಲಿಲ್ಲ, ನಿಂತುಕೋ ಅಂತಲೂ ಅನ್ನಲಿಲ್ಲ. ಮೇಡಮ್ ಫೈಲು ಒಳಗೆ ತೆಗೆದುಕೊಂಡು ಹೋದರು. ಮುಕ್ಕಾಲು ಗಂಟೆ ಅವನು ಆ ಹಾಲ್‌ನಲ್ಲಿ ಗೋಡೆಯನ್ನೇ ನೋಡುತ್ತ ನಿಂತ, ಏಕೆಂದರೆ ಸೋಫಾ ನೋಡಿದರೆ ಆಸೆಪಟ್ಟ ಹಾಗೆ ಕಾಣುತ್ತದೆ, ಫೋಟೋ ನೋಡಿದರೆ ಸಲುಗೆ ತೆಗೆದುಕೊಂಡ ಹಾಗೆ ಕಾಣುತ್ತದೆ. ಗೋಡೆ ಅವನನ್ನು ನೋಯಿಸಲಿಲ್ಲ. ನೋಡನೋಡುತ್ತ ಒಂದು ಕೈ ತಾನಾಗಿ ಹೋಗಿ ಅದರ ಮೇಲೆ ಕೂತಿತು. ಆಗಲೇ ಪರದೆಯ ಹಿಂದಿನಿಂದ ಮೇಡಮ್ ದನಿ ಬಂತು: “ಸುವತ್ತುಲ ಕೈ ವೆಕ್ಕಾದೀಂಗ.” ಗೋಡೆಯ ಮೇಲೆ ಕೈ ಇಡಬೇಡಿ. ಬೈಗುಳವೇನಲ್ಲ, ಬಹುವಚನದಲ್ಲೇ ಹೇಳಿದ್ದರು. ಕೈ ಕಿತ್ತುಕೊಂಡು ಬೆನ್ನ ಹಿಂದೆ ಬಚ್ಚಿಟ್ಟ. ಗೇಟು ದಾಟಿದ ಮೇಲೆ ಅಂಗೈ ನೋಡಿಕೊಂಡ. ಬೆರಳ ತುದಿಗಳಲ್ಲಿ ಹಿಟ್ಟಿನ ಹಾಗೆ ಬಿಳುಪು ಹತ್ತಿತ್ತು. ಮೂಸಿದ. ಹುಣಸೆಬೀಜದ ಗಂಜಿಯ ವಾಸನೆ. ಅದು ಎಲ್ಲಿಯ ವಾಸನೆ, ಯಾರ ಸೀರೆಯ ವಾಸನೆ ಅಂತ ಅವನಿಗೆ ಆ ಕ್ಷಣವೇ ಗೊತ್ತಾಯಿತು. ಪ್ಯಾಂಟಿಗೆ ಬೆರಳು ಒರೆಸಿಕೊಂಡು ಸೈಕಲ್ ಹತ್ತಿದ. ಗೊತ್ತಾದದ್ದನ್ನು ಗೊತ್ತಿಲ್ಲದ ಜಾಗದಲ್ಲಿಟ್ಟು, ಆರು ತಿಂಗಳು ಕಾರ್ಡು ನೋಡಿದ.

“ಇನ್ನೂ ಗೋಡೆ ನೋಡ್ತಾ ನಿಂತವ್ನಾ?” ಅಂತ ಕೊಂಡಮ್ಮ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಕೊಂಡಮ್ಮ ಅವನ ತಾಯಿ, ಊರವರ ಮನೆಗಳಿಗೆ ಸುಣ್ಣ ಹೊಡೆದು ಬದುಕಿದವಳು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಣ್ಣ ತಿಂದು ತಿಂದು ಹಳೆಯ ಚಪ್ಪಲಿಯ ಹಾಗೆ ಬಿರಿದಿತ್ತು. “ಏನ್ಲಾ ಇದು, ಏಳು ಪಟ್ಟಿ? ಹುಲಿ ವೇಷ ಹಾಕ್ಸಿದ್ದೀಯಾ ಮನೆಗೆ?”

“ಬಣ್ಣ ನೋಡ್ತಾವ್ನಿ. ಸುಮ್ಕಿರು.”

“ಎಂತಾ ಬಣ್ಣ ಬೇಕು ನಿಂಗೆ?”

ಹೇಳಬಾರದಿತ್ತು. ಏಳು ಪಟ್ಟಿಗಳ ಸುಸ್ತಿನಲ್ಲಿ ಹೇಳಿಬಿಟ್ಟ: “ಮ್ಯಾನೇಜರ್ ಮನೇಲೈತಲ್ಲ, ಅಂತಾದ್ದು.”

ಕೊಂಡಮ್ಮ ನಕ್ಕಳು. “ಅದಾ? ಅದು ಡಬ್ಬದ್ದಲ್ಲ ಕಣ್ಲಾ. ನಾನೇ ಕಲ್ಸಿದ್ದು, ನಾನೇ ಹೊಡ್ದಿದ್ದು. ಎಲ್ರೂ ನೀಲಿ ಹಾಕ್ತಾರೆ, ನಾನು ಹಾಕ್ಲಿಲ್ಲ. ಕೆಮ್ಮಣ್ಣು ಗಂಟು ಕಟ್ಟಿ ಮೂರು ಸುತ್ತು ತಿರುವ್ದೆ. ಮೂರೇ. ನಾಕಾದ್ರೆ ಕಾವಿ ಆಗೋಯ್ತದೆ. ಆ ಯಮ್ಮ ನೋಡಿ ಬಾಯಿ ಬಿಟ್ಕಂಡು ನಿಂತ್ಬುಟ್ಲು.”

“ಯಾರ ಮುಂದೇನಾ ಅಂದೀಯಾ ಇದ್ನ?”

“ಯಾಕಪ್ಪ ಅನ್ಲಿ. ನೀನು ಸೇರ್ದಾಗ್ಲೇ ಬಾಯಿಗೆ ಬೀಗ ಹಾಕ್ಸ್ದೆಲ್ಲ. ಕೊಂಡಮ್ಮನ ಮಗ ಬಚ್ಚಪ್ಪ ಅಂತ ಆ ಕಾಂಪೌಂಡಲ್ಲಿ ಒಂದು ನಾಯಿಗೂ ಗೊತ್ತಿಲ್ಲ.”

ಹೆಂಡತಿ ವರಲಕ್ಷ್ಮಮ್ಮ ಒಳಕೋಣೆಯಿಂದ ಇಣುಕಿದಳು. ಅವಳು ಅತ್ತಿಬೆಲೆ ಕಡೆಯವಳು, ಎಸ್ಸೆಸ್ಸೆಲ್ಸಿ ಪಾಸು. “ಅತ್ತೆ, ಈ ಕಾಲ್ದಲ್ಲಿ ಯಾರು ಸುಣ್ಣ ಹೊಡೀತಾರೆ? ಒರಗಿದ್ರೆ ಬೆನ್ನಿಗೆಲ್ಲ ಹತ್ಕೊಳ್ಳುತ್ತೆ.”

“ಒರಗ್ಬೇಡ,” ಅಂದಳು ಕೊಂಡಮ್ಮ, ಮಾತು ಅಲ್ಲಿಗೇ ಮುಗಿಯಿತು ಎನ್ನುವ ಹಾಗೆ.

ಬೆನ್ನಿಗೆ ಹತ್ತಿದ್ದು ಬಚ್ಚಪ್ಪನಿಗೆ ನೆನಪಿತ್ತು. ಬೆನ್ನಿಗಲ್ಲ, ತೋಳಿಗೆ. ಕೊಂಡಮ್ಮನ ಹತ್ತಿರ ಯಾವ ಕಾರ್ಡೂ ಇರಲಿಲ್ಲ, ತನ್ನ ಮುಂಗೈಯೇ ಕಾರ್ಡು. ಕಲಸಿದ ಸುಣ್ಣವನ್ನು ಮುಂಗೈಯ ಒಳಮೈಗೆ ಒಂದು ಗೀರು ಎಳೆದು, ಬಾಯಿಂದ ಊದಿ ಒಣಗಿಸಿ, ನೆರಳಿಗೊಂದು ಸಲ ಬಿಸಿಲಿಗೊಂದು ಸಲ ಹಿಡಿದು ನೋಡುವಳು. ಹಸಿ ಸುಣ್ಣ ನೀರಿನ ಹಾಗೆ ಏನೂ ಹೇಳುವುದಿಲ್ಲ, ಒಣಗಿದ ಮೇಲೆಯೇ ತನ್ನ ಬಣ್ಣ ಹೇಳುವುದು. ವರ್ಷಗಳು ಹೋದಂತೆ ಅವಳ ಚರ್ಮವೇ ಬೂದಿಬಣ್ಣಕ್ಕೆ ತಿರುಗಿ, ಅದರ ಮೇಲೆ ಬಿಳಿಯ ಗುಟ್ಟು ಗೊತ್ತಾಗದೆ ಹೋಯಿತು. ಆಗ ಅವಳು ಮಗನ ತೋಳು ಹಿಡಿದಳು. ಆರನೇ ಕ್ಲಾಸಿನ ತೋಳು. ಸ್ಕೂಲಿಗೆ ಹೊರಟವನನ್ನು ಹೊಸ್ತಿಲಲ್ಲಿ ನಿಲ್ಲಿಸಿ, “ತಡಿಯೋ ಒಂದ್ ಗಳ್ಗೆ” ಅಂತ ಗೀರೆಳೆದು ಊದುವಳು. ಅವಳ ಉಸಿರು ಎಲೆಅಡಿಕೆ ನಾರುತ್ತಿತ್ತು. ಸುಣ್ಣ ಒಣಗುವಾಗ ಚರ್ಮ ಬಿಗಿಯುತ್ತಿತ್ತು, ಯಾರೋ ಸಣ್ಣಗೆ ಚಿವುಟಿ ಹಿಡಿದುಕೊಂಡ ಹಾಗೆ. ಅವನು ದಾರಿಯಲ್ಲಿ ಎಂಜಲು ಹಚ್ಚಿ ಉಜ್ಜಿಕೊಂಡು ಹೋಗುವನು. ಆದರೂ ಒಂದು ನೆರಳು ಉಳಿಯುವುದು. ಮೇಷ್ಟರು ತೋಳು ಹಿಡಿದು ಎತ್ತಿ ಕ್ಲಾಸಿಗೆಲ್ಲ ತೋರಿಸಿ, “ನೋಡ್ರೋ, ಇವ್ನ ಮನೇಲಿ ಇವ್ನಿಗೇ ಸುಣ್ಣ ಹೊಡೀತಾರೆ” ಅಂದರು. ಕ್ಲಾಸು ನಕ್ಕಿತು. ಅವನೂ ನಕ್ಕ. ಬೇರೆಯವರಿಗಿಂತ ಜೋರಾಗಿ ನಕ್ಕ, ಆ ನಗು ಸಾಯುವವರೆಗೂ ಅವನ ಕಿವಿಯಲ್ಲಿತ್ತು. ಅವನು ಸ್ಟೋರ್ಸಿಗೆ ಸದಾ ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಬರುತ್ತಿದ್ದ, ಏಪ್ರಿಲ್ ತಿಂಗಳಲ್ಲೂ.

ಮರುದಿನ ಪೇಂಟ್ ಮೇಸ್ತ್ರಿ ಮುನಿವೆಂಕಟಪ್ಪ ಬಂದ. ಏಳು ಪಟ್ಟಿ ನೋಡಿ ಬೀಡಿ ಹಚ್ಚಿದ. “ಸಾರ್, ಗೃಹಪ್ರವೇಶಕ್ಕೆ ಹನ್ನೆರಡು ದಿನ ಐತೆ. ಯಾವ್ದಾದ್ರೂ ಒಂದು ಹೇಳಿ, ಕಣ್ಣು ಮುಚ್ಕಂಡು ಹೊಡ್ದುಬುಡ್ತೀನಿ.”

“ಇನ್ನೂ ಸ್ವಲ್ಪ ಬೆಚ್ಚಗಿರ್ಬೇಕು ಕಣಯ್ಯ.”

“ಬೆಚ್ಚಗಾ? ಗೋಡೆಗೇನು ಜ್ವರ ಬರಿಸ್ಬೇಕಾ ಸಾರ್?” ಅವನು ಒಂದು ಪಟ್ಟಿಯನ್ನು ಉಗುರಿನಿಂದ ಕೆರೆದ. “ನೀವು ಏನೇ ಅನ್ನಿ, ನೀವು ಹೇಳೋ ಬಿಳಿ ಡಬ್ಬದಲ್ಲಿ ಬರಲ್ಲ. ಹಿಂದೆ ಒಬ್ಳು ಮುದುಕಿ ಇದ್ಲು ಈ ಊರಲ್ಲಿ, ಅವ್ಳು ಮಾಡೋಳು. ಕೈ ಅಂದ್ರೆ ಕೈ. ಏನೋ ಹೆಸ್ರು... ಸತ್ತೋದ್ಲೋ ಏನೋ.”

ಕೊಂಡಮ್ಮ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಸದ್ದು ನಿಂತಿತು. ಬಚ್ಚಪ್ಪ ಕಾಯ್ದ. ಅವಳು ಒಳಗೆ ಬರಲಿಲ್ಲ, ಕೆಮ್ಮಲೂ ಇಲ್ಲ. ಸ್ವಲ್ಪ ಹೊತ್ತಿಗೆ ಉಜ್ಜುವ ಸದ್ದು ಮತ್ತೆ ಶುರುವಾಯಿತು. “ಸತ್ತೋಗಿರ್ಬೋದು,” ಅಂದ ಬಚ್ಚಪ್ಪ. ಅಂದ ಮೇಲೆ ಬಾಯಲ್ಲಿ ಒಂದು ಥರ ರುಚಿ ಬಂತು, ಕಬ್ಬಿಣ ನೆಕ್ಕಿದ ಹಾಗೆ. ಮೇಸ್ತ್ರಿಯನ್ನು ಕಳಿಸಿಬಿಟ್ಟ.

ಆಮೇಲೆ ಅವನೇ ಹಿತ್ತಲಿಗೆ ಹೋಗಿ ನಿಂತ. “ನಾಕು ದಿನದಲ್ಲಿ ಆಯ್ತದಾ?” ಅಂತ ಕೇಳಿದ, ಬೇಲಿಯ ಕಡೆ ನೋಡುತ್ತ. ಕೊಂಡಮ್ಮ ಏನು ಅಂತ ಕೇಳಲಿಲ್ಲ. ಕೈ ಒರೆಸಿಕೊಂಡು, “ಸುಣ್ಣ ಮೂರು ದಿನ ನೆನೀಬೇಕು. ಇವತ್ತೇ ಹಾಕ್ತೀನಿ” ಅಂದಳು. ಅವಳ ಮುಖದಲ್ಲಿ ಬಂದ ಬೆಳಕು ಅವನಿಗೆ ಸಹಿಸಲಾಗಲಿಲ್ಲ. “ಬಾಗ್ಲು ಹಾಕ್ಕಂಡು ಮಾಡು. ಅಕ್ಕಪಕ್ಕದೋರ್ಗೆ ಕಾಣ್ಬಾರ್ದು” ಅಂದ. ಬೆಳಕು ಹೋಗಲಿಲ್ಲ, ಸ್ವಲ್ಪ ಒಳಕ್ಕೆ ಸರಿಯಿತು ಅಷ್ಟೇ.

ಕೆಮ್ಮಣ್ಣು ತರಲು ಅವಳೇ ಬಸ್ಸು ಹತ್ತಿ ತವರೂರು ಜವಳಗಿರಿಗೆ ಹೋಗಿಬಂದಳು. ಅಲ್ಲಿ ಆನೆಗಳು ಮೈಮೇಲೆ ಎರಚಿಕೊಳ್ಳುವ ಒಂದು ದಿಣ್ಣೆಯ ಮಣ್ಣು. ಆನೆ ತುಳಿದು ತುಳಿದು ಹಿಟ್ಟಾದ ಮಣ್ಣೇ ಆಗಬೇಕು, ಬೇರೆಯದು ಗೋಡೆಯ ಮೇಲೆ ಕಾಳುಕಾಳಾಗಿ ನಿಲ್ಲುತ್ತದೆ. ನೆನೆದ ಸುಣ್ಣವನ್ನು ಹಳೆಯ ಸೀರೆಯಲ್ಲಿ ಸೋಸಿ, ಹುಣಸೆಬೀಜದ ಗಂಜಿ ಬೆರೆಸಿ, ಕೆಮ್ಮಣ್ಣನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತೊಟ್ಟಿಯೊಳಕ್ಕೆ ಇಳಿಬಿಟ್ಟಳು. ಒಂದು ಸುತ್ತು. ಎರಡು. ಮೂರನೆಯದನ್ನು ಬಹಳ ನಿಧಾನವಾಗಿ, ಉಸಿರು ಹಿಡಿದು ತಿರುವಿದಳು. ಆಮೇಲೆ ಅಭ್ಯಾಸಬಲದಿಂದ ಅತ್ತಿತ್ತ ನೋಡಿ, ಪಕ್ಕದಲ್ಲಿ ನಿಂತಿದ್ದ ಮಗನ ಕೈ ಹಿಡಿದು, ಅಂಗಿಯ ತೋಳು ಮೇಲಕ್ಕೆ ಮಡಿಸಹೋದಳು. ಬಚ್ಚಪ್ಪ ಕೈ ಝಾಡಿಸಿದ. ಎಷ್ಟು ಜೋರಾಗಿ ಝಾಡಿಸಿದನೆಂದರೆ ಅವಳು ತೊಟ್ಟಿಯ ಅಂಚಿಗೆ ತಗುಲಿ ಕೂತುಬಿಟ್ಟಳು. ಅವಳು ತನ್ನ ಬಿರಿದ ಮುಂಗೈಗೇ ಗೀರೆಳೆದುಕೊಂಡು, ಊದಿ, ಕಣ್ಣು ಕಿರಿದು ಮಾಡಿ ನೋಡಿದಳು. “ಕಾಣಕಿಲ್ಲ. ಆದ್ರೂ ಸರಿಯಾಗೈತೆ,” ಅಂದಳು, ತನಗೆ ತಾನೇ.

ನಾಲ್ಕು ದಿನ ಬಾಗಿಲು ಹಾಕಿತ್ತು. ಈಚಲ ದಂಟು ಜಜ್ಜಿ ಮಾಡಿದ ಕುಂಚ ಅವಳದು. ಒಂದು ಸಲ ಮೇಲಿಂದ ಕೆಳಕ್ಕೆ, ಒಣಗಿದ ಮೇಲೆ ಅಡ್ಡಕ್ಕೆ. ಕಿಟಕಿಯ ಅಂಚಿಗೆ ಬಂದಾಗ ಕುಂಚ ಬಿಟ್ಟು ಹೆಬ್ಬೆರಳಿನಿಂದ ಎಳೆಯುವಳು. ಐದನೆಯ ದಿನ ಬೆಳಿಗ್ಗೆ ಬಚ್ಚಪ್ಪ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ, ಅದೇ. ಮ್ಯಾನೇಜರ್ ಮನೆಯದೇ. ಇಲ್ಲ, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚು. ಮೂಡಣ ಕಿಟಕಿಯ ಬೆಳಕು ಗೋಡೆಯ ಮೇಲೆ ಬಿದ್ದು ಅಲ್ಲಿಂದ ಇಡೀ ಹಾಲ್‌ಗೆ ಹರಡಿತ್ತು, ಮನೆಯೊಳಗೆ ಯಾರೋ ಅವನನ್ನು ತುಂಬ ದಿನದಿಂದ ಕಾಯುತ್ತಿದ್ದ ಹಾಗೆ. ಅವನ ಕಣ್ಣಲ್ಲಿ ನೀರು ಬಂತು. ಮೂಲೆಯಲ್ಲಿ ಮಂಡಿಗೆ ಗಲ್ಲ ಊರಿಕೊಂಡು ಕೂತಿದ್ದ ಕೊಂಡಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಆಗ ಒಂದು ಮಾತು ಆಡಬೇಕಿತ್ತು. ಅವನು ಜೂಜುವಾಡಿಯಲ್ಲಿ ಮೂರು ಸಲವೂ ಇಲ್ಲಿಗೆ ಬಂದಾಗ ಟೀ ಲೋಟ ಕೆಳಗಿಡುತ್ತಿದ್ದ. ಏನಂದೆಯಯ್ಯಾ ಅಂತ ಕೇಳಿದರೆ, “ಕೈ ತೊಳ್ಕೋ ಹೋಗು, ಮೈಯೆಲ್ಲ ಆಗೈತೆ ಅಂದೆ” ಅನ್ನುತ್ತಿದ್ದ. ಸ್ಟೋರ್ಸಿನಲ್ಲಿ ಕೇಳಿದವರಿಗೆಲ್ಲ, ಮದ್ರಾಸಿನಿಂದ ತರಿಸಿದ ಪೇಂಟು ಅಂದ.

ಮಾಘದಲ್ಲಿ ಗೃಹಪ್ರವೇಶವಾಯಿತು. ಗಂಡನಿಲ್ಲದವಳು ಪೂಜೆಯ ಮುಂದೆ ನಿಲ್ಲುವ ಹಾಗಿಲ್ಲವಲ್ಲ, ಆ ಪದ್ಧತಿ ಬಚ್ಚಪ್ಪನಿಗೆ ಆವತ್ತು ಬಹಳ ಅನುಕೂಲಕ್ಕೆ ಬಂತು. ಕೊಂಡಮ್ಮ ಹಿತ್ತಲ ಒಲೆಯ ಹತ್ತಿರ ಹಂಡೆ ಕಾಯುತ್ತ ಉಳಿದಳು. ಬಳಗದವರೆಲ್ಲ ಬೀದಿಯ ಚಪ್ಪರದಲ್ಲಿ ಊಟಕ್ಕೆ ಕೂತಿದ್ದ ಹೊತ್ತಿಗೆ ಮ್ಯಾನೇಜರ್ ಜೀಪು ಬಂತು. ಜೀಪು ನೋಡಿ ಬಚ್ಚಪ್ಪ ಎಲೆ ದಾಟಿ, ಮಕ್ಕಳನ್ನು ದಾಟಿ ಓಡಿದ. ಹಾಲ್‌ನಲ್ಲಿ ಕುರ್ಚಿ ಹಾಕಿಸಿದ. ಮ್ಯಾನೇಜರ್ ಕೂತರು. ಮೇಡಮ್ ಕೂರಲಿಲ್ಲ. ಅವರು ಗೋಡೆಯ ಹತ್ತಿರ ಹೋಗಿ, ತಲೆ ಓರೆ ಮಾಡಿ, ಕಿಟಕಿಯ ಅಂಚಿನ ಮೇಲೆ ಬೆರಳೆಳೆದರು. ಬಚ್ಚಪ್ಪ ಇನ್ನೊಂದು ಕುರ್ಚಿಯನ್ನು ಅವರ ಕಡೆ ಸರಿಸಿದ. ಅವನು ಈ ಬಿಳಿಗಾಗಿ ಆರು ತಿಂಗಳು ಒದ್ದಾಡಿದ್ದ, ಅವರು ಬಂದು ನೋಡಲಿ ಅಂತಲೇ ಒದ್ದಾಡಿದ್ದ. ಅವರು ನೋಡಿದರೆ ಏನನ್ನು ನೋಡುತ್ತಾರೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

“ಇದು ಕೊಂಡಮ್ಮಾ ಕೈ ಆಚ್ಚೇ!” ಅಂದರು ಮೇಡಮ್. ಇದು ಕೊಂಡಮ್ಮನ ಕೈಯಲ್ಲವೇ. ಮೂರು ವರ್ಷದಿಂದ ಹುಡುಕುತ್ತಿದ್ದರಂತೆ ಅವಳನ್ನು. ಬೇರೆಯವರು ಬಳಿದರೆ ಆಸ್ಪತ್ರೆಯ ಹಾಗೆ ಕಾಣುತ್ತದಂತೆ. ಎಲ್ಲಿ ಸಿಕ್ಕಿದಳು, ಇಲ್ಲೇ ಇದ್ದಾಳಾ ಅಂತ ಕೇಳುತ್ತಲೇ ಹಿತ್ತಲ ಕಡೆ ಕತ್ತು ಚಾಚಿದರು. ಹೆಸರು ಕಿವಿಗೆ ಬಿದ್ದು ಕೊಂಡಮ್ಮ ಆಗಲೇ ಬಂದು ನಡುಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೌಟು, ಹಣೆಯ ಮೇಲೆ ಮಸಿ, ಮೈಮೇಲೆ ಮಗ ಆವತ್ತಿಗೆ ಅಂತ ತಂದುಕೊಟ್ಟಿದ್ದ ಹೊಸ ಸೀರೆ. ವರಲಕ್ಷ್ಮಮ್ಮ ಪಾಯಸದ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಳು. ಒಂದು ಮಾತು, ಅಷ್ಟೇ. ನಮ್ಮಮ್ಮ. ಅವನು ಬಾಯಿ ತೆರೆದ. ಮುಕ್ಕಾಲು ಗಂಟೆ ನಿಂತದ್ದು, ಬೆನ್ನ ಹಿಂದೆ ಬಚ್ಚಿಟ್ಟ ಕೈ, ಮೇಷ್ಟರು ಎತ್ತಿ ಹಿಡಿದ ತೋಳು, ಎಲ್ಲ ಒಟ್ಟಿಗೆ ಬಾಯಿಗೆ ಬಂದು ಸಿಕ್ಕಿಕೊಂಡವು.

“ವೇಲೆಕ್ಕು ವಂದಿರುಕ್ಕಾ, ಮೇಡಮ್.”

ಕೆಲಸಕ್ಕೆ ಬಂದಿದ್ದಾಳೆ. ತಮಿಳಿನಲ್ಲಿ ಅಂದ. ಕನ್ನಡದಲ್ಲಾಗಿದ್ದರೆ ನಾಲಗೆ ತಿರುಗುತ್ತಿರಲಿಲ್ಲ ಅಂತ ಮುದುಕನಾದ ಮೇಲೂ ನಂಬಿದ್ದ. ಸ್ಕೂಲಿನಲ್ಲಿ ಕಲಿತ ಭಾಷೆ, ಆಫೀಸಿನ ಭಾಷೆ, ಅದರಲ್ಲಿ ಯಾರೋ ಬೇರೆಯವನು ಮಾತಾಡಿದ ಹಾಗಿತ್ತಂತೆ. ಕೊಂಡಮ್ಮನಿಗೆ ತಮಿಳು ಅವನಷ್ಟೇ ಬರುತ್ತಿತ್ತು.

ಅವಳು ಮಗನ ಕಡೆ ನೋಡಲಿಲ್ಲ. ಗೋಡೆಯನ್ನು ನೋಡಿದಳು, ಎಲ್ಲಾದರೂ ಕುಂಚ ತಪ್ಪಿದೆಯೇ ಅಂತ ನೋಡುವವಳ ಹಾಗೆ. ಆಮೇಲೆ ಸೌಟು ಕೆಳಗಿಟ್ಟು, ಮೇಡಮ್‌ಗೆ ಎರಡೂ ಕೈ ಜೋಡಿಸಿ ಕನ್ನಡದಲ್ಲೇ ಅಂದಳು: “ಹೂ ತಾಯಿ. ಸಾಮಿ ಕರುಸಿದ್ರು, ಬಂದೆ.”

“ನಮ್ಮ ಮನೆಗೆ ಯಾವಾಗ ಬರ್ತಿ? ಸೋಮವಾರ ಬಾ,” ಅಂದರು ಮೇಡಮ್, ತಮ್ಮ ಅರೆಬರೆ ಕನ್ನಡದಲ್ಲಿ.

“ಸಾಮಿ ಬುಟ್ರೆ ಬತ್ತೀನಿ.”

ಮೇಡಮ್ ಬಚ್ಚಪ್ಪನ ಕಡೆ ತಿರುಗಿದರು. ನಿಮ್ಮ ಕೆಲಸ ಮುಗಿಯಿತಲ್ಲ? “ಮುಗೀತು ಮೇಡಮ್,” ಅಂದ ಬಚ್ಚಪ್ಪ. ಮೇಡಮ್ ತಮಗೆ ಅಂತ ಇಟ್ಟಿದ್ದ ತಾಂಬೂಲದ ತಟ್ಟೆಯಿಂದ ಎರಡು ಬಾಳೆಹಣ್ಣು, ಒಂದು ಹೋಳು ತೆಂಗಿನಕಾಯಿ ತೆಗೆದು ಕೊಂಡಮ್ಮನ ಸೆರಗಿಗೆ ಹಾಕಿದರು. ಆ ಮನೆಯ ಹಣ್ಣನ್ನೇ. ಕೊಂಡಮ್ಮ ಸೆರಗೊಡ್ಡಿ ತೆಗೆದುಕೊಂಡು, ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆಯಿಟ್ಟು ಹಿತ್ತಲಿಗೆ ಇಳಿದಳು. ಹಾಲ್‌ನ ಮೂಲೆಯಲ್ಲಿ ಪಾಯಸದ ಲೋಟ ಹಿಡಿದು ಕೂತಿದ್ದ ಸ್ಟೋರ್ಸಿನವನೊಬ್ಬನಿಗೆ ಕೊಂಡಮ್ಮ ಯಾರು ಅಂತ ಚೆನ್ನಾಗಿ ಗೊತ್ತಿತ್ತು. ಅವನ ಬಾಯಲ್ಲಿ ಪಾಯಸ ಇತ್ತು.

ಸೋಮವಾರ ಬೆಳಿಗ್ಗೆ ಅವಳು ಹಳೆಯ ಸೀರೆ ಉಟ್ಟು, ಈಚಲ ಕುಂಚಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಬಚ್ಚಪ್ಪ ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಿದ್ದ. ಭಾನುವಾರವಿಡೀ ಅವನು ಕಾಯ್ದಿದ್ದ, ಅವಳು ಅಳಲಿ, ಎದೆ ಬಡಿದುಕೊಳ್ಳಲಿ, ಶಾಪ ಹಾಕಲಿ ಅಂತ. ಅತ್ತಿದ್ದರೆ ಕಾಲು ಹಿಡಿಯಲು ಒಂದು ದಾರಿಯಾಗುತ್ತಿತ್ತು. ಅವಳು ಎಂದಿನ ಹಾಗೆ ಮುದ್ದೆ ತಿರುವಿದ್ದಳು.

“ಬತ್ತೀನಿ, ಸಾಮಿ.”

ಅವನು ಕತ್ತಿ ನಿಲ್ಲಿಸಿ ಆ ದನಿಯಲ್ಲಿ ವ್ಯಂಗ್ಯ ಹುಡುಕಿದ. ಸಿಕ್ಕಲಿಲ್ಲ. ತೊಳೆದಿಟ್ಟ ಲೋಟದ ಹಾಗಿತ್ತು ದನಿ. “ಅಮ್ಮ, ಹೋಗ್ಬೇಡ” ಅಂದರೆ ಸಾಕಿತ್ತು. ಆದರೆ ಹೋಗದಿದ್ದರೆ ಮೇಡಮ್ ಕೇಳುತ್ತಾರೆ, ಕೇಳಿದರೆ ಏನು ಹೇಳುವುದು. ಯೋಚನೆ ಅಲ್ಲಿಯವರೆಗೆ ಹೋಗಿ ವಾಪಸು ಬರುವಷ್ಟರಲ್ಲಿ ಗೇಟಿನ ಚಿಲಕದ ಸದ್ದಾಯಿತು. ಎಂಟು ದಿನ ಅವಳು ಆ ಕ್ವಾರ್ಟರ್ಸಿನಲ್ಲಿ ಏಣಿ ಹತ್ತಿದಳು. ಎಂಟೂ ಸಂಜೆ ಹಿತ್ತಲ ಬಾಗಿಲಿನಿಂದಲೇ ಮನೆಗೆ ಬಂದಳು. ಆಮೇಲೆ ಮುಂದಿನ ಬಾಗಿಲನ್ನು ಉಪಯೋಗಿಸಲೇ ಇಲ್ಲ. ಊಟವನ್ನು ಹಿತ್ತಲ ಕಟ್ಟೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು ಉಂಡು, ತಟ್ಟೆ ತಾನೇ ತೊಳೆದು, ಕೂಲಿಯವರು ಇಡುವ ಹಾಗೆ ಗೋಡೆಯ ಪಕ್ಕ ಬೋರಲು ಹಾಕುವಳು.

ಒಂದು ಸಲ ಬಚ್ಚಪ್ಪ ತಡೆಯಲಾರದೆ ಅವಳ ಮುಂದೆ ನೆಲದ ಮೇಲೆ ಕೂತ. “ಅಮ್ಮ, ಹಂಗನ್ಬೇಡಮ್ಮ. ಉಗಿ ಬೇಕಾದ್ರೆ. ಮಕ ಮಕ ಹೊಡಿ. ಹಂಗ್ ಮಾತ್ರ ಅನ್ಬೇಡ.”

“ಬಾಯಿಗೆ ಬಂದ್ಬುಟ್ಟದೆ ಸಾಮಿ,” ಅಂದಳು ಕೊಂಡಮ್ಮ, ನಿಜವಾಗಿಯೂ ಬೇಜಾರು ಮಾಡಿಕೊಂಡು. “ವಯಸ್ಸಾಯ್ತಲ್ಲ, ಒಂದು ಸಲ ಬಂದದ್ದು ಹೋಗಾಕಿಲ್ಲ. ನೆಲದ್ಮೇಲೆ ಕುಂತ್ಕಬೇಡಿ. ಪ್ಯಾಂಟು ಕೊಳೆಯಾಯ್ತದೆ.”

ಮುಂದಿನ ವರ್ಷ ಬೇಸಿಗೆಯಲ್ಲಿ ಅವಳು ಜವಳಗಿರಿಗೆ ಹೋದವಳು ಅಲ್ಲೇ ಮಲಗಿದಳು. ಎದೆಯಲ್ಲಿ ಸುಣ್ಣದ ದೂಳು ಕೂತಿದೆ ಅಂದರು. ಬಚ್ಚಪ್ಪ ಹೋದಾಗ ಅವಳು ತನ್ನ ತಂಗಿ ಗೋವಿಂದಮ್ಮನ ಮನೆಯ ಜಗಲಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಅವನು ಅಂಗಿಯ ತೋಳು ಮಡಿಸಿದ. ಯಾಕೆ ಮಡಿಸಿದ ಅಂತ ಅವನಿಗೂ ಗೊತ್ತಿರಲಿಲ್ಲ. ಬರಿ ತೋಳನ್ನು ಅವಳ ಬೆರಳುಗಳ ಹತ್ತಿರ ಇಟ್ಟ. ಅವಳು ಕಣ್ಣು ಬಿಟ್ಟಳು.

“ಯಾರು ಬಂದೋರು?”

“ನಾನಮ್ಮ, ಬಚ್ಚ.”

ಅವಳು ಎದ್ದು ಕೂರಲು ನೋಡಿದಳು. ಆಗಲಿಲ್ಲ. “ಗೋವಿಂದಿ,” ಅಂತ ತಂಗಿಯನ್ನು ಕರೆದಳು, “ಸಾಮಿ ಬಂದವ್ರೆ. ಚಾಪೆ ಹಾಕು.”

ಎರಡು ದಿನಕ್ಕೆ ಸತ್ತಳು. ಬಚ್ಚಪ್ಪ ತಲೆ ಬೋಳಿಸಿಕೊಂಡು, ಮೀಸೆ ತೆಗೆಸಿಕೊಂಡು, ಒಬ್ಬನೇ ಮಗ ಏನೇನು ಮಾಡಬೇಕೋ ಅದನ್ನೆಲ್ಲ ಕಟ್ಟುನಿಟ್ಟಾಗಿ ಮಾಡಿದ. ರಜೆಯ ಅರ್ಜಿಯಲ್ಲಿ ‘ಸ್ವಂತ ಕೆಲಸ’ ಅಂತ ಬರೆದಿದ್ದ.

ಡ್ಯೂಟಿಗೆ ವಾಪಸು ಬಂದ ದಿನ ಮ್ಯಾನೇಜರ್ ಸ್ಟೋರ್ಸಿಗೆ ಬಂದರು. ಅವನ ತಲೆ ನೋಡಿ ಮುಖ ಅರಳಿತು. “ಎನ್ನಯ್ಯಾ, ಮೊಟ್ಟೈ? ತಿರುಪತಿಯಾ?” ಏನಯ್ಯ, ಬೋಳುತಲೆ, ತಿರುಪತಿಗೆ ಹೋಗಿದ್ದೆಯಾ ಅಂತ. ಸುತ್ತ ನಾಲ್ಕು ಜನ ಇದ್ದರು. ಈ ಸಲ ಅವನಿಗೆ ತಡವಾಗಲಿಲ್ಲ. ಮೊದಲ ಸಲ ಆಗಿದ್ದ ಸಿಕ್ಕು ಈಗ ಗಂಟಲಲ್ಲಿ ಇರಲಿಲ್ಲ, ದಾರಿ ಸವೆದಿತ್ತು. “ಆಮಾ ಸಾರ್,” ಅಂದ. ಹೌದು ಸಾರ್. ಲಡ್ಡು ಎಲ್ಲಿ ಅಂತ ಅವರು ಕೈಚಾಚಿ ನಕ್ಕರು. “ತಂದ್ಕೊಡ್ತೀನಿ ಸಾರ್, ಮನೇಲೈತೆ.”

ತಾಯಿ ಸತ್ತವನು ಒಂದು ವರ್ಷ ಆ ಬೆಟ್ಟ ಹತ್ತುವ ಹಾಗಿಲ್ಲ. ನಮ್ಮ ಕಡೆ ಕುಡುಕನೂ ಅದನ್ನು ಮೀರುವುದಿಲ್ಲ. ಬಚ್ಚಪ್ಪ ಆ ವಾರವೇ ಬಸ್ಸು ಹತ್ತಿ ಹೋದ. ತಿಥಿಯ ಅನ್ನ ಹೊಟ್ಟೆಯಲ್ಲಿ ಕರಗುವ ಮುಂಚೆ ಸಾಲಿನಲ್ಲಿ ನಿಂತ. ಅಲ್ಲಿ ಎಲ್ಲರ ತಲೆಯೂ ಬೋಳಾಗಿತ್ತು, ಗಂಧ ಬಳಿದುಕೊಂಡು ಹಳದಿಯಾಗಿ ಹೊಳೆಯುತ್ತಿತ್ತು, ಇವನನ್ನು ಯಾರೂ ಏನೂ ಕೇಳಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವನಿಗೆ ಹಾಯೆನಿಸಿತಂತೆ. ಆ ಹಾಯನ್ನು ನೆನೆಸಿಕೊಂಡರೆ ಉಳಿದದ್ದೆಲ್ಲಕ್ಕಿಂತ ಹೆಚ್ಚು ಹೇಸಿಗೆಯಾಗುತ್ತದೆ ಅನ್ನುತ್ತಿದ್ದ.

ಲಡ್ಡು ತೆಗೆದುಕೊಂಡು ಕ್ವಾರ್ಟರ್ಸಿಗೆ ಹೋದ. ಮೇಡಮ್ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಈ ಸಲ ಕೂತುಕೊಳ್ಳಿ ಅಂದರು. ಅವನು ಸೋಫಾದ ಅಂಚಿನಲ್ಲಿ ಕೂತ. ಎದುರಿಗೆ ಆ ಗೋಡೆ, ಹೋದ ವರ್ಷ ಬಳಿದದ್ದು, ಸಂಜೆಯ ಬೆಳಕಿನಲ್ಲಿ ಹಾಲಿನ ಹಾಗೆ ಬೆಚ್ಚಗಿತ್ತು. ಕಿಟಕಿಯ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗೆರೆ. ಮೇಡಮ್ ಬೆರಳು ನೆಕ್ಕುತ್ತ ತಮಿಳಿನಲ್ಲಿ ಅಂದರು, ಆ ಕೊಂಡಮ್ಮ ಈ ವರ್ಷ ಪತ್ತೆಯೇ ಇಲ್ಲ, ಅಡುಗೆಮನೆ ಬಳಿಸಬೇಕು, ನಿಮ್ಮ ಕಣ್ಣಿಗೆ ಬಿದ್ದರೆ ಬರಲು ಹೇಳಿ.

“ಸೊಲ್ರೇನ್, ಮೇಡಮ್,” ಅಂದ ಬಚ್ಚಪ್ಪ. ಹೇಳುತ್ತೇನೆ.

ಇಷ್ಟೇ. ಮಿಕ್ಕ ಲಡ್ಡುವನ್ನು ಅವನು ಮರುದಿನ ಸ್ಟೋರ್ಸಿನಲ್ಲಿ ಹಂಚಿದ. ಪಾಯಸದ ಲೋಟ ಹಿಡಿದು ಕೂತಿದ್ದವನೊಬ್ಬ ಇದ್ದನಲ್ಲ, ಅವನ ಅಂಗೈಗೂ ಒಂದು ಚೂರು ಬಿತ್ತು. ಕೊಂಡಮ್ಮನ ಕೈಯ ಮುದ್ದೆ ಎಷ್ಟೋ ಸಲ ತಿಂದವನು, ಆ ತಲೆ ಯಾಕೆ ಬೋಳಾಗಿದೆ ಅಂತ ಗೊತ್ತಿದ್ದವನು. ಅವನು ಗೋವಿಂದಾ ಅಂತ ಲಡ್ಡು ಬಾಯಿಗೆ ಹಾಕಿಕೊಂಡ. ದ್ರಾಕ್ಷಿ ಸಿಕ್ಕಿತ್ತು ನನಗೆ. ನನ್ನ ನೆನಪಿನ ಮೇಲೆ ಅನುಮಾನವಿದ್ದವರು ಇದನ್ನು ಬರೆದಿಟ್ಟುಕೊಳ್ಳಿ. ಬಚ್ಚಪ್ಪ ಹೋದ ವರ್ಷ ತೀರಿಕೊಂಡ, ಇನ್ನು ನನಗೂ ಬಹಳ ದಿನವಿಲ್ಲ. ನಿಮಗೆ ಗೊತ್ತಿದ್ದವರಿಗೆಲ್ಲ ಇದನ್ನು ಕಳಿಸಿ, ಬಾಯಲ್ಲಿ ಹೇಳುವುದಾದರೆ ಬಾಯಲ್ಲಿ ಹೇಳಿ. ನನ್ನ ಹೆಸರು ಬಿಟ್ಟರೂ ಚಿಂತೆಯಿಲ್ಲ, ಬಚ್ಚಪ್ಪನ ಹೆಸರು ಬಿಡಬೇಡಿ. ಕೊಂಡಮ್ಮ ಅಂತ ಬಂದ ಕಡೆಯೆಲ್ಲ ಬಚ್ಚಪ್ಪನ ತಾಯಿ ಅಂತ ಸೇರಿಸಿ ಹೇಳಿ. ಆ ಮಾತನ್ನು ಇಲ್ಲಿಯವರೆಗೆ ಯಾರೂ ಗಟ್ಟಿಯಾಗಿ ಆಡಿಲ್ಲ.